ಪುಸ್ತಕ ಕೈಲಿಟ್ಕೊಂಡೇ ಮಾಡೋ ಅಂಥ ಅಡುಗೆ ಯಾವ್ದಿದೆ ಹೇಳ್ರಪ್ಪ

ಹಾಲುಕ್ಕಿಸಿದವಳು (ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ. ಜೂನ್‌ನಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ, ಬಟ್ಟೆ ಒಣಗಲ್ಲ, ಸಂಜೆ ವಾಕಿಂಗ್ ಇಲ್ಲ, ಹಂಗಾಗಿ ಆಫೀಸಿಂದ ಬಂದು ಕಾಲು ತೊಳ್ಕೊಂಡ್ರೆ ಆಮೇಲೆ ನಾನು, ಅಡುಗೆಮನೆ, ಹಾಲ್‌ನಲ್ಲಿ ಅತ್ತೆಯೋರ ಟಿವಿ, ಅಷ್ಟೇ ಪ್ರಪಂಚ. ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದಿದ್ದೀನಿ, ಹದಿನೈದು ದಿನಕ್ಕೆ ವಾಪಸ್ ಕೊಡಬೇಕು, ಹಗಲು ಟೈಮಿಲ್ಲ, ರಾತ್ರಿ ಮಲಗಿ ಓದೋಣ ಅಂದ್ರೆ ಎರಡನೇ ಪೇಜಿಗೆ ಪುಸ್ತಕ ಮೂಗಿನ ಮೇಲೆ ಬಿದ್ದಿರುತ್ತೆ. ಸರಿ ಅಂತ ಸ್ಟವ್ ಪಕ್ಕ ನಿಂತೇ ಓದೋಕೆ ಶುರು ಮಾಡ್ದೆ. ಎಂಥ ಸುಖ ಗೊತ್ತಾ, ಹೆಂಚಿನ ಮೇಲೆ ಮಳೆ, ಒಳಗೆ ಒಗ್ಗರಣೆ ವಾಸನೆ, ಕಥೇಲಿ ಅಣ್ಣತಮ್ಮಂದ್ರ ಮನೆ ಪಾಲಾಗ್ತಿದೆ, ನಂಗೇನೂ ಪಾಲಿಲ್ಲ, ಸುಮ್ನೆ ನಿಂತು ನೋಡ್ತಿದ್ದೀನಿ.

ಪ್ರಾಬ್ಲಂ ಏನಪ್ಪಾ ಅಂದ್ರೆ ಈ ತಿಂಗಳಲ್ಲಿ ಹಾಲು ಮೂರು ಸಲ ಉಕ್ಕಿದೆ. ಮೂರನೇ ಸಲಕ್ಕೆ ಅತ್ತೆ "ಏನಮ್ಮ, ವಾರವಾರ ಗೃಹಪ್ರವೇಶ ಇಟ್ಕೊಂಡಿದ್ದೀಯಾ" ಅಂದ್ರು. ಪುಸ್ತಕ ಪಕ್ಕಕ್ಕಿಡಿ ಅನ್ನೋ ಬುದ್ಧಿಮಾತು ಬೇಡ, ಅದು ಮನೇಲೇ ಸಾಕಷ್ಟು ಸಿಗ್ತಿದೆ. ಓದ್ತಾ ಓದ್ತಾ ಮಾಡಬಹುದಾದ ಅಡುಗೆ ಯಾವ್ದು, ನಿಮ್ಮನೇಲಿ ಏನ್ಮಾಡ್ತೀರ?

---

ತರಿಕಡುಬು (ಸಕಲೇಶಪುರ)

ಅಕ್ಕಾ, ಕಡುಬು ಮಾಡಿ. ಅಕ್ಕಿರೊಟ್ಟಿ ಕಡೆ ತಲೆನೂ ಹಾಕಬೇಡಿ, ಅದು ತಟ್ಟಬೇಕು ತಿರುಗಿಸಬೇಕು ಮಕ್ಕಳು ಬಂದು ಬಂದು ಇನ್ನೊಂದು ಇನ್ನೊಂದು ಅಂತಾವೆ, ಒಂದು ಲೈನೂ ಓದೋಕಾಗಲ್ಲ. ಕಡುಬಾದ್ರೆ ಕೆಲಸ ಎಲ್ಲ ಮೊದಲೇ ಮುಗಿಯುತ್ತೆ. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು, ಉಪ್ಪು, ಒಂದು ಚಮಚ ತುಪ್ಪ, ಗಟ್ಟಿಯಾಗೋ ತನಕ ಕೆದಕಿ ಆರಕ್ಕಿಡಿ, ಕೈ ತಡೆಯೋಷ್ಟು ಬಿಸಿ ಇರೋವಾಗ್ಲೇ ಉಂಡೆ ಕಟ್ಟಿ ಹಬೆಗೆ ಇಟ್ರೆ ಇಪ್ಪತ್ತು ನಿಮಿಷ ನಿಮ್ದು. ಯಾರೂ ಕೇಳೋ ಹಾಗಿಲ್ಲ, ಅಡುಗೆ ನಡೀತಾ ಇದೆ!

ಇನ್ನೊಂದು, ನಮ್ಮಜ್ಜಿ ಮಾಡ್ತಿದ್ದಿದ್ದು. ಪಾತ್ರೆ ತಳದ ನೀರಿಗೆ ಚೆನ್ನಾಗಿ ತೊಳೆದ ಒಂದು ಕಾಯಿನ್ ಹಾಕಿ. ನೀರು ಕುದಿಯೋವಾಗ ಅದು ಟಕಟಕ ಟಕಟಕ ಅಂತಿರುತ್ತೆ, ನೀರು ಬತ್ತಿದ್ರೆ ಸದ್ದು ನಿಲ್ಲುತ್ತೆ. ಕಣ್ಣು ಪುಸ್ತಕದಲ್ಲಿ ಇರ್ಲಿ, ಕಿವಿ ಪಾತ್ರೆ ಕಡೆ. ಅಜ್ಜಿಗೆ ಓದೋಕೆ ಬರ್ತಿರ್ಲಿಲ್ಲ, ಅವರು ಇದನ್ನ ಮಾಡ್ತಿದ್ದಿದ್ದು ಜಗುಲೀಲಿ ಕೂತು ಪಕ್ಕದ್ಮನೆಯೋರ ಜೊತೆ ಮಾತಾಡೋಕೆ, ಆ ಮಾತು ಬೇರೆ.

---

ಹಿಟ್ಟಿನಕೋಲು (ಹಾಸನ)

ನಮ್ಮ ಕಡೆ ದಿನಾ ಹಿಟ್ಟು, ಅಂದ್ರೆ ಮುದ್ದೆ. ಎಲ್ರೂ ಮುದ್ದೆ ಕಷ್ಟ ಅಂತಾರೆ ಆದ್ರೆ ಅದರಲ್ಲೂ ಒಂದು ಬಿಡುವಿದೆ. ಎಸರು ಮರಳಿದ ಮೇಲೆ ಹಿಟ್ಟು ಸುರಿದು ಮಧ್ಯಕ್ಕೆ ಕೋಲು ನಿಲ್ಲಿಸಿ, ಮುಟ್ಟದೆ ಸಣ್ಣ ಉರೀಲಿ ಬೇಯೋಕೆ ಬಿಡ್ತೀವಲ್ಲ, ಅದು ಎರಡು ಪೇಜು. ನಿಧಾನವಾಗಿ ಓದೋರಿಗೆ ಒಂದೂವರೆ. ಆಮೇಲೆ ಮಾತ್ರ ಪುಸ್ತಕ ದೂರ ಇಡಿ, ತಿರುವೋಕೆ ಎರಡೂ ಕೈ ಬೇಕು, ಪಾತ್ರೆ ಒದ್ಕೊಳ್ಳೋಕೆ ಕಾಲೂ ಬೇಕು.

ಹುರುಳಿಕಾಳು ಇಟ್ರಂತೂ ಇನ್ನೂ ಒಳ್ಳೇದು, ಎಷ್ಟು ಬೆಂದ್ರೂ ಬೇಜಾರು ಮಾಡ್ಕೊಳಲ್ಲ. ಕುಕ್ಕರ್ ಎಷ್ಟು ಸಲ ಕೂಗ್ತು ಅನ್ನೋದು ಮರ್ತೋಗುತ್ತಲ್ಲ, ಅದಕ್ಕೆ ನಾನು ಒಂದೊಂದು ಕೂಗಿಗೂ ಒಂದೊಂದು ಕಾಳು ಕಟ್ಟೆ ಮೇಲೆ ಇಡ್ತೀನಿ. ಒಂದಿನ ನಮ್ಮನೆಯೋರು ಕಟ್ಟೆ ಒರೆಸಿ ಲೆಕ್ಕ ಪೂರಾ ಹೊಡ್ಕೊಂಡೋದ್ರು, ಆವತ್ತು ಕಾಳು ಹೋಗಿ ಪಾಯಸ ಆಗಿತ್ತು. ಕಟ್ಟು ಬಸ್ಕೊಂಡು ಸಾರು ಮಾಡ್ದೆ, ಯಾರಿಗೂ ಗೊತ್ತಾಗ್ಲಿಲ್ಲ.

---

ಚಾಕ್‌ಪೀಸು (ಹಾಸನ, ರಿಟೈರ್ಡ್)

ತಂಗೀ, ಒಂದು ತಕರಾರು. ಲೈಬ್ರರಿ ಪುಸ್ತಕ ಅಡುಗೆಮನೆಗೆ ಬೇಡ. ಮೊನ್ನೆ ನಾನು ತಂದ ಪುಸ್ತಕದಲ್ಲಿ ಅರಿಶಿನದ ಹೆಬ್ಬೆಟ್ಟು ಒತ್ತಿತ್ತು, ದಸ್ತಾವೇಜಿಗೆ ಒತ್ತಿದಂಗೆ ಅಷ್ಟು ಸ್ಪಷ್ಟ. ನಿಜ ಹೇಳಬೇಕಂದ್ರೆ ಆ ಪೇಜೇ ಇಡೀ ಕಥೆಗೆ ಚೆನ್ನಾಗಿದ್ದಿದ್ದು, ಪುಣ್ಯಾತ್ಗಿತ್ತಿ ಕೈ ತೊಳೆಯೋದನ್ನೂ ಮರ್ತು ಓದಿದ್ದಾಳೆ. ಆದ್ರೂ ತಪ್ಪು ತಪ್ಪೇ. ಸ್ವಂತ ಪುಸ್ತಕ ಆದ್ರೆ ಸಾಂಬಾರಲ್ಲೇ ಅದ್ದಿ, ನಾನು ಕೇಳಲ್ಲ.

ನಮ್ಮ ಮನೆಯಾಕೆ ಹೋದಮೇಲೆ ಅಡುಗೆ ನಂದೇ. ಅಡುಗೆಗೆ ಪುಸ್ತಕಕ್ಕಿಂತ ಟಿವಿ ವಾಸಿ, ಯಾಕಂದ್ರೆ ಟಿವೀನ ಕಿವೀಲೇ ನೋಡಬಹುದು. ಸೀರಿಯಲ್ಲಂತೂ ನೋಡೋ ಅಗತ್ಯನೇ ಇಲ್ಲ, ಢಂ ಢಂ ಢಂ ಅಂತ ಮೂರು ಸಲ ಬಂತು ಅಂದ್ರೆ ಯಾರೋ ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡ್ರು ಅಂತ ಅರ್ಥ. ನನಗೆ ಚಂದನದ ‘ಥಟ್ ಅಂತ ಹೇಳಿ’ ಅಂದ್ರೆ ಪ್ರಾಣ. 2002ರಲ್ಲಿ ಶುರುವಾದಾಗಿಂದ ನೋಡ್ತಿದ್ದೀನಿ, ಗೆದ್ದೋರಿಗೆ ಫ್ರಿಡ್ಜು ಕಾರು ಅಂತೇನಿಲ್ಲ, ಪುಸ್ತಕ ಕೊಡ್ತಾರೆ. ಬೆಳ್ಳುಳ್ಳಿ ಸುಲೀತಾ ಅಡುಗೆಮನೆಯಿಂದಲೇ ಕೂಗಿ ಉತ್ತರ ಹೇಳ್ತೀನಿ. ಸರಿಯಾದ್ರೆ ಒಂದು ಚೂರು ಬೆಲ್ಲ ನಂಗೆ ನಾನೇ ಕೊಟ್ಕೊಳ್ತೀನಿ. ಶುಗರ್ ಇದೆ, ಡಾಕ್ಟರಿಗೆ ಹೇಳಬೇಡಿ.

---

ಛತ್ರಿಕೆಲಸ (ಮೂಡಿಗೆರೆ)

ಸಾರ್ ನಿಮ್ಮ ಹಾಸನದಲ್ಲಿ ಸರಿ, ಇಲ್ಲಿ ಜೋರು ಮಳೆ ಹೊಡೀತು ಅಂದ್ರೆ ಟಿವೀಲಿ ಸಿಗ್ನಲ್ ಇಲ್ಲ ಅನ್ನೋ ನೀಲಿ ಪರದೆ ಒಂದೇ ಪ್ರೋಗ್ರಾಂ. ನಂದು ಡಿಶ್ ಕೂರಿಸೋ ಕೆಲಸ, ಆಷಾಢ ಶ್ರಾವಣ ಪೂರ್ತಿ ಬೈಸ್ಕೊಳ್ಳೋದೇ ಆಗುತ್ತೆ. ಒಂದ್ಸಲ ಹೇಳ್ಬಿಡ್ತೀನಿ ಎಲ್ರೂ ಕೇಳ್ಕೊಳ್ಳಿ. ಈ ಸಣ್ಣ ಡಿಶ್‌ಗೆ ಬರೋದು ಕೂ ಬ್ಯಾಂಡ್, 12 ಗಿಗಾಹರ್ಟ್ಸ್ ಆಸುಪಾಸು, ಆ ಅಲೆ ಬರೀ ಎರಡೂವರೆ ಸೆಂಟಿಮೀಟರ್ ಉದ್ದ, ದಪ್ಪ ಹನಿ ಮಳೆ ಅದನ್ನ ದಾರೀಲೇ ಹೀರಿ ಚೆದುರಿಸಿಬಿಡುತ್ತೆ. ಹಿಂದೆ ಅಂಗಳದ ತುಂಬ ದೊಡ್ಡ ಛತ್ರಿ ಇರ್ತಿತ್ತಲ್ಲ, ಅದು ಸಿ ಬ್ಯಾಂಡು, ಅಲೆ ಅದಕ್ಕೆ ಮೂರರಷ್ಟು ಉದ್ದ, ಹಂಗಾಗಿ ಮಳೆಗೆ ಅಷ್ಟು ಬಗ್ತಿರ್ಲಿಲ್ಲ. ಡಿಶ್ ಸ್ವಲ್ಪ ತಿರುಗಿದ್ರೆ ನಾನು ಬಂದು ಸರಿ ಮಾಡ್ತೀನಿ, ಮಳೆ ನಿಲ್ಸೋಕೆ ನಂಗೆ ಬರಲ್ಲ. ದಯವಿಟ್ಟು ಜಾರೋ ಹೆಂಚು ಹತ್ತಬೇಡಿ.

ನಮ್ಮನೇಲಿ ಸಿಗ್ನಲ್ ಹೋದ್ರೆ ಒಲೆ ಮುಂದೆ ಎಲ್ರೂ ಸೇರಿ ಹಲಸಿನ ಬೀಜ ಸುಡೋದು. ಕೆಂಡದಲ್ಲಿ ಹಾಕೋ ಮುಂಚೆ ಬೀಜಕ್ಕೆ ಕತ್ತಿ ತುದೀಲಿ ಸ್ವಲ್ಪ ಸೀಳು ಮಾಡಿ, ಇಲ್ದಿದ್ರೆ ಪಟಾಕಿ ಥರ ಸಿಡಿಯುತ್ತೆ. ಮಗಳು ಕಥೆ ಪುಸ್ತಕ ಜೋರಾಗಿ ಓದ್ತಾಳೆ, ನಾವು ಸಿಪ್ಪೆ ಬಿಡಿಸಿ ತಿಂತೀವಿ. ಅವಳು ಓದಿ ಮುಗ್ಸೋ ಹೊತ್ತಿಗೆ ಅವಳ ಪಾಲು ಖಾಲಿ, ಆಮೇಲೆ ಜಗಳ.

---

ಬಯಲುಸೀಮೆ (ಕಡೂರು)

ಎಲ್ರೂ ಮಳೆ ಮಳೆ ಅಂತಿದ್ದೀರ, ನಾವೂ ಚಿಕ್ಕಮಗಳೂರು ಜಿಲ್ಲೆಯೋರೇ ಕಣ್ರೀ, ಇಲ್ಲಿ ಬಟ್ಟೆ ಹಾಕಿ ಹಿಂದೆ ತಿರುಗೋದ್ರೊಳಗೆ ಒಣಗಿರುತ್ತೆ. ಸ್ವಲ್ಪ ಈ ಕಡೆಗೂ ಕಳಿಸಿ.

ಹಾಲಿಗೆ ಹಾಲಿನ ಕುಕ್ಕರ್ ತಗೊಳ್ಳಿ, ಎರಡು ಪದರ, ಮಧ್ಯೆ ನೀರು ಹಾಕಿ ಇಟ್ರೆ ಸೀಟಿ ಹೊಡೆಯುತ್ತೆ ಉಕ್ಕಲ್ಲ. ಮತ್ತೆ ನನ್ನ ಓದೋ ಟೈಮು ಬೆಳಿಗ್ಗೆ, ಡಿಕಾಕ್ಷನ್ ಇಳಿಯೋ ಹೊತ್ತು. ಪುಡಿ ನುಣ್ಣಗಿದ್ದಷ್ಟೂ ನಿಧಾನ ಇಳಿಯುತ್ತೆ, ಅದಕ್ಕೇ ಅಂಗಡಿಯೋನಿಗೆ ಇನ್ನೂ ಸ್ವಲ್ಪ ನುಣ್ಣಗೆ ಮಾಡಪ್ಪ ಅಂತೀನಿ. ಅವನು ಕಾಫಿ ಸ್ಟ್ರಾಂಗ್ ಬೇಕೇನೋ ಅಂದ್ಕೊಂಡಿದ್ದಾನೆ.

---

ಹಾಲುಕ್ಕಿಸಿದವಳು

ಎಲ್ರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೇಲಿ ಬೈಂಡ್ ಹಾಕಿದ್ದೀನಿ, ಕೈ ತೊಳೆದೇ ಮುಟ್ತಿದ್ದೀನಿ, ಆ ಹೆಬ್ಬೆಟ್ಟು ನಂದಲ್ಲ (ಯಾವ ಪುಸ್ತಕ ಅಂತ ಒಂಚೂರು ಹೇಳಿ, ಡೌಟಿದೆ).

ನಿನ್ನೆ ಕಡುಬು ಇಟ್ಟೆ, ಎರಡು ರೂಪಾಯಿ ಕಾಯಿನ್ ಹಾಕ್ದೆ. ಟಕಟಕ ಚೆನ್ನಾಗಿ ಶುರುವಾಯ್ತು, ನಾನು ಹಿತ್ಲ ಬಾಗಿಲಲ್ಲಿ ಮಣೆ ಹಾಕ್ಕೊಂಡು ಎಂಟು ಪೇಜು ಓದ್ದೆ. ಸದ್ದು ನಿಂತೋಯ್ತು. ನೀರು ಬತ್ತೋಯ್ತಲ್ಲಪ್ಪ ಅಂತ ಓಡಿ ಬಂದ್ರೆ ಅತ್ತೆ ಸ್ಟವ್ ಆಫ್ ಮಾಡಿ ಸೌಟು ಹಿಡ್ಕೊಂಡು ನಿಂತಿದ್ದಾರೆ, "ಪಾತ್ರೆ ಒಳಗೆ ಏನೋ ಸೇರ್ಕೊಂಡಿದೆ ಕಣೇ, ಒದ್ದಾಡ್ತಿತ್ತು" ಅಂತ. ಕಡುಬು ನಡುವೆ ಇನ್ನೂ ಹಸಿ. ಮತ್ತೆ ಸ್ಟವ್ ಹಚ್ಚಿದೆ. ಇನ್ನೊಂದು ಆರು ಪೇಜಾಯ್ತು.