ಅಪ್‌ಡೇಟ್: 4294967297 ಅವಿಭಾಜ್ಯ ಅಲ್ಲ, ಕೈಯಲ್ಲೇ ಭಾಗಿಸಿ ನೋಡಿದೆವು

ಹೋದ ವಾರ ಕೇಳಿದ್ದೆ: 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವೇ? ಮಗಳೂ ನಾನೂ 3ರಿಂದ ಶುರುಮಾಡಿ 100ರ ತನಕ ಭಾಗಿಸಿ ಸುಸ್ತಾಗಿದ್ದೆವು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನಮ್ಮ ಕಣ್ಣು ತೆರೆಸಿದ್ದು ನೀವು ಹೇಳಿದ ಒಂದೇ ಮಾತು: ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಂದರೆ ಮೊದಲು ನೋಡಬೇಕಾದವು 193, 257, 449, 577, 641 ಅಷ್ಟೇ! ನಾವು ಮಾಡಿದ್ದ ಅಷ್ಟೂ ಭಾಗಾಕಾರ ಬೇಕೇ ಇರಲಿಲ್ಲ. ಮೊದಲ ನಾಲ್ಕಕ್ಕೆ ಶೇಷ 109, 2, 325, 288 ಬಂತು.

ಆಮೇಲೆ 641. 4294ರಲ್ಲಿ ಆರು ಸಲ, ಉಳಿದದ್ದು 448. 9 ಇಳಿಸಿದರೆ 4489, ಏಳು ಸಲ, ಉಳಿದದ್ದು 2. ಮುಂದೆ ಭಾಗಲಬ್ಧದಲ್ಲಿ ಎರಡು ಸೊನ್ನೆ, 4, 1, ಉಳಿದದ್ದು ಮತ್ತೆ ಅದೇ 448! ಕೊನೆಯ 7 ಇಳಿಸಿದಾಗ 4487. "ಅಪ್ಪಾ, 641 ಏಳ್ಲಿ 4487 ಆಗಲೇ ಬರೆದಿದೀವಲ್ಲ" ಅಂತ ಮಗಳು ಕೂಗಿದಳು. ಶೇಷ ಸೊನ್ನೆ, ಭಾಗಲಬ್ಧ 6700417.

2ರ ಘಾತ 1, 2, 4, 8, 16, 32 ಹೀಗೆ ಇಮ್ಮಡಿಯಾಗುತ್ತಾ ಹೋಗಿ, ಅದಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯ ಎಂದು ಗಣಿತಜ್ಞ ಫರ್ಮಾ ನಂಬಿದ್ದರು. 3, 5, 17, 257, 65537 ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದೇ 641 ಹಿಡಿದು ತೋರಿಸಿದರಂತೆ.

6700417 ಕೂಡ ಅವಿಭಾಜ್ಯ ಅಂದಿದ್ದೀರಿ. ಅದರ ಅಪವರ್ತನ ಮೂಲ ಸಂಖ್ಯೆಗೂ ಅಪವರ್ತನವೇ, ಹಾಗಾಗಿ ಅದಕ್ಕೂ 64ರ ನಿಯಮವೇ ಸಾಕು, ಅದರ ವರ್ಗಮೂಲದ ತನಕ, ಅಂದರೆ 2588ರ ತನಕ ನೋಡಬೇಕು. ಭಾನುವಾರ ಕೂರುತ್ತೇವೆ.