ಮನೆಯಲ್ಲಿ ಎಲ್ಲಾ ಬರುತ್ತೆ, ಹಾಲ್‌ನಲ್ಲಿ ತಲೆ ಖಾಲಿ: ಪರೀಕ್ಷೆ ಭಯದ ಬಗ್ಗೆ ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಕಲಬುರಗಿ, ಬೀದರ್, ಯಾದಗಿರಿಯ ಪಾಲಕರು ಮತ್ತು ವಿದ್ಯಾರ್ಥಿಗಳ ಗುಂಪು. ಈ ವಾರ ಉತ್ತರ ಕೊಡುವವರು ಶಾಲಾ ಮಕ್ಕಳ ಆಪ್ತ ಸಮಾಲೋಚಕಿ.

ಪ್ರಶ್ನೆ (ತಾಯಿ, ಕಲಬುರಗಿ): ಮೇಡಂ, ನಮಸ್ಕಾರ ರೀ. ಮಗಳು ಎಸ್ಸೆಸ್ಸೆಲ್ಸಿ. ರಾತ್ರಿ ಹನ್ನೆರಡರ ತನಕ ಓದುತ್ತಾಳೆ. ಪುಸ್ತಕದ ತುಂಬಾ ಹಳದಿ, ಗುಲಾಬಿ ಗೆರೆ. ಕೇಳಿದರೆ "ಎಲ್ಲಾ ಬರುತ್ತೆ ಮಮ್ಮಿ" ಅಂತಾಳೆ. ಪ್ರಿಪರೇಟರಿಯಲ್ಲಿ ವಿಜ್ಞಾನದ ಪೇಪರ್ ಕೈಗೆ ಬಂದ ಕೂಡಲೇ ತಲೆ ಖಾಲಿ ಆಯಿತಂತೆ. ಗೊತ್ತಿದ್ದ ಪ್ರಶ್ನೆಗಳನ್ನೂ ಬಿಟ್ಟು ಬಂದಿದ್ದಾಳೆ. ಈಗ ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಅವರಪ್ಪ ನಾಟಕ ಅಂತಾರೆ. ನೆನಪಿನ ಶಕ್ತಿಗೆ ಏನಾದರೂ ಗುಳಿಗೆ ಕೊಡಿಸಬೇಕಾ?

ಉತ್ತರ: ಗುಳಿಗೆ ಬೇಡ ಅಕ್ಕಾ. ನಾಟಕವೂ ಅಲ್ಲ. ಹೆದರಿಕೆ ಆದಾಗ ದೇಹ ಓಡೋದಕ್ಕೆ ತಯಾರಾಗುತ್ತದೆ. ಎದೆ ಬಡಿತ ಜಾಸ್ತಿ ಆಗುತ್ತದೆ, ರಕ್ತ ಕೈಕಾಲಿನ ಕಡೆ ಹೋಗುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಹೊಟ್ಟೆ ಹಿಂಡಿದ ಹಾಗೆ ಆಗೋದು ಅದಕ್ಕೇ. ತಪಾಸಣೆಯಲ್ಲಿ ಏನೂ ಕಾಣದಿದ್ದರೂ ನೋವು ನಿಜ. ಇದನ್ನು ಮೊದಲು ಅವರಪ್ಪನಿಗೆ ಓದಿ ಹೇಳಿ.

ನನ್ನ ಕಣ್ಣಿಗೆ ಬಿದ್ದಿದ್ದು ಆ ಹಳದಿ ಗೆರೆಗಳು. ಒಂದೇ ಪಾಠ ಐದನೇ ಸಲ ಓದುವಾಗ ಸಾಲುಗಳೆಲ್ಲ ಪರಿಚಯ ಆಗಿರುತ್ತವೆ. ಆ ಪರಿಚಯವನ್ನೇ ಮಕ್ಕಳು "ಬರುತ್ತೆ" ಅಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ದಿನಾ ಸಿಗುವ ಮುಖ ಗುರುತು ಹತ್ತುತ್ತದೆ, ಹೆಸರು ಕೇಳಿದರೆ ಗೊತ್ತಿರುವುದಿಲ್ಲ. ಪರೀಕ್ಷೆಯಲ್ಲಿ ಕೇಳೋದು ಹೆಸರನ್ನೇ.

ಇದನ್ನು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಸಣ್ಣ ಬರಹ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು, ನೋಡದೆ ಬರೆದವರಿಗೆ ಜಾಸ್ತಿ ನೆನಪಿತ್ತು. ಮಜಾ ಏನಂದರೆ, "ನನಗೆ ಚೆನ್ನಾಗಿ ನೆನಪಿರುತ್ತೆ" ಅನ್ನೋ ಧೈರ್ಯ ಜಾಸ್ತಿ ಇದ್ದಿದ್ದು ಬರೀ ಓದಿದವರಿಗೇ. ನಿಮ್ಮ ಮಗಳ ಕಥೆಯೇ ಅಲ್ವಾ?

ಹಾಗಾಗಿ ಇವತ್ತಿನಿಂದ ಹೀಗೆ ಮಾಡಿಸಿ. ಜೀವಕ್ರಿಯೆಗಳ ಪಾಠದಲ್ಲಿ ಎರಡು ಪುಟ ಓದಲಿ. ಪುಸ್ತಕ ಮುಚ್ಚಲಿ. ರಫ್ ಹಾಳೆಯಲ್ಲಿ ಹೃದಯದ ಚಿತ್ರ ಬರೆದು, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕಲಿ. ಮೊದಲ ಸಲ ಅರ್ಧ ತಪ್ಪುತ್ತದೆ. ಪುಸ್ತಕ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದಲಿ. ಅದೇ ಚಿತ್ರ ನಾಳೆ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ನಡುವೆ ಸ್ವಲ್ಪ ಮರೆತರೆ ಒಳ್ಳೆಯದೇ. ಕಷ್ಟಪಟ್ಟು ನೆನಪಿಸಿಕೊಂಡದ್ದು ಗಟ್ಟಿಯಾಗಿ ನಿಲ್ಲುತ್ತದೆ.

ಸಮಾಜ ವಿಜ್ಞಾನಕ್ಕೆ ಪಾಠದ ಅಂಚಿನಲ್ಲಿ ಗೆರೆಯ ಬದಲು ಪ್ರಶ್ನೆ ಬರೆಯಲಿ. "ಸುರಪುರದ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಏಕೆ ಎದ್ದ?" ನಮ್ಮ ಪಕ್ಕದ ಊರಿನ ಕಥೆ, ನೀವು ರೊಟ್ಟಿ ಬಡಿಯುತ್ತಾ ಕೇಳಬಹುದು. ಉತ್ತರ ಸರಿಯೋ ತಪ್ಪೋ ನಿಮಗೆ ಗೊತ್ತಿರಬೇಕಿಲ್ಲ, ಅವಳೇ ಪುಸ್ತಕ ನೋಡಿಕೊಳ್ಳುತ್ತಾಳೆ. ಗಣಿತದಲ್ಲಿ ಒಂದೇ ಅಧ್ಯಾಯದ ಇಪ್ಪತ್ತು ಲೆಕ್ಕ ಸಾಲಾಗಿ ಬೇಡ. ಸಮಾಂತರ ಶ್ರೇಢಿ ಒಂದು, ವರ್ಗ ಸಮೀಕರಣ ಒಂದು, ತ್ರಿಭುಜ ಒಂದು, ಹೀಗೆ ಕಲಸಿ ಮಾಡಲಿ. ಇದು ಯಾವ ಜಾತಿಯ ಲೆಕ್ಕ ಅಂತ ಗುರುತಿಸೋದೇ ಪರೀಕ್ಷೆಯಲ್ಲಿ ಅರ್ಧ ಕೆಲಸ.

ಇನ್ನು ತಲೆ ಖಾಲಿ ಆಗೋದು. ಪರೀಕ್ಷಾ ಮಂಡಳಿಯ ವೆಬ್‌ಸೈಟ್‌ನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ವಾರಕ್ಕೊಂದು ಮನೆಯಲ್ಲೇ ಬರೆಸಿ. ಗಡಿಯಾರ ಇಟ್ಟು, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ನಡುವೆ ಏಳದೆ ಪೂರ್ತಿ ಬರೆಯಲಿ. ಅದೇ ಸನ್ನಿವೇಶ ಹತ್ತಾರು ಸಲ ಕಂಡ ಮೇಲೆ ಹಾಲ್‌ನಲ್ಲಿ ಅಷ್ಟು ಗಾಬರಿ ಆಗುವುದಿಲ್ಲ. ಪರೀಕ್ಷೆಯ ದಿನ ಪೇಪರ್ ಓದೋಕೆ ಅಂತಲೇ 15 ನಿಮಿಷ ಕೊಡುತ್ತಾರೆ. ಆಗ ಖಚಿತವಾಗಿ ಬರುವ ಮೂರು ಪ್ರಶ್ನೆ ಹುಡುಕಲಿ, ಅಲ್ಲಿಂದಲೇ ಬರೆಯಲು ಶುರು ಮಾಡಲಿ. ಕೈ ನಡುಗಿದರೆ ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಲಿ, ಐದಾರು ಸಲ. ಉಸಿರು ಹೊರಗೆ ಹೋಗುವಾಗ ಎದೆ ಬಡಿತ ಇಳಿಯುತ್ತದೆ. ಮನೆಯಲ್ಲಿ ಅಭ್ಯಾಸ ಮಾಡದೆ ಹಾಲ್‌ನಲ್ಲಿ ಮೊದಲ ಸಲ ಮಾಡಿದರೆ ನಡೆಯಲ್ಲ, ನೆನಪಿರಲಿ.

ಪ್ರತಿಕ್ರಿಯೆ (ಹೈಸ್ಕೂಲ್ ಶಿಕ್ಷಕ, ಶಹಾಪುರ): ಮೇಡಂ ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಹಿಂದುಳಿದ ಮಕ್ಕಳಿಗೆ ಬಾಯಿಪಾಠ ಬಿಟ್ಟರೆ ಪಾಸಾಗೋ ದಾರಿ ಇಲ್ಲ. ಪದ್ಯ, ಸೂತ್ರ, ಪ್ರಮೇಯ ಎಲ್ಲಾ ಬಾಯಿಗೇ ಬರಬೇಕು.

ಉತ್ತರ: ಸರ್, ಬಾಯಿಪಾಠಕ್ಕೆ ನನ್ನ ವಿರೋಧ ಇಲ್ಲ. ಕಂಠಪಾಠದ ಪದ್ಯವನ್ನು ನೋಡಿಕೊಂಡು ಇಪ್ಪತ್ತು ಸಲ ಹೇಳಿಸೋದರ ಬದಲು, ಐದು ಸಲ ನೋಡಿ, ಉಳಿದಷ್ಟು ಸಲ ನೋಡದೆ ಹೇಳಿಸಿ. ತಡವರಿಸಿದ ಸಾಲಿನಲ್ಲಿ ಮಾತ್ರ ಪುಸ್ತಕ ತೆಗೆಯಲಿ. ಪ್ರಮೇಯದ ಚಿತ್ರ ಮೊದಲು, ಸಾಧನೆ ಆಮೇಲೆ. ಚಿತ್ರ ತಾನಾಗಿ ಬಂದರೆ ಹೆಜ್ಜೆಗಳು ಹಿಂದೆ ಬರುತ್ತವೆ. ನೀವು ತರಗತಿಯ ಮೊದಲ ಐದು ನಿಮಿಷ ನಿನ್ನೆಯ ಪಾಠದ ಎರಡು ಪ್ರಶ್ನೆ, ಹೋದ ವಾರದ್ದು ಒಂದು ಪ್ರಶ್ನೆ ಬರೆಸಿದರೆ ಸಾಕು. ಅಂಕ ಕೊಡಬೇಡಿ. ಅಂಕ ಇಲ್ಲ ಅಂದರೆ ಮಕ್ಕಳು ಹೆದರದೆ ತಪ್ಪು ಬರೆಯುತ್ತಾರೆ.

ಪ್ರಶ್ನೆ (ತಂದೆ, ಸೇಡಂ): 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ ಬಂತು, 42.43 ಪರ್ಸೆಂಟ್. ಅದರ ಹಿಂದಿನ ವರ್ಷ ಯಾದಗಿರಿ ಕೊನೆ. ಮಗನ ಶಾಲೆಯಲ್ಲಿ ಈಗಲೂ ಅದನ್ನೇ ಹೇಳಿ ಹೇಳಿ ಹೆದರಿಸುತ್ತಾರಂತೆ. ಹಾಲ್‌ನಲ್ಲಿ ಕ್ಯಾಮೆರಾ ಬೇರೆ. ಅವನು ಓದೋದೇ ಬಿಟ್ಟಿದ್ದಾನೆ. ಮಧ್ಯಾಹ್ನ ಊಟ ಆದ ಮೇಲೆ ನಾನೇ ಪಕ್ಕದಲ್ಲಿ ಕೂತು ಓದಿಸುತ್ತೇನೆ, ತೂಕಡಿಸುತ್ತಾನೆ.

ಉತ್ತರ: ಜಿಲ್ಲೆಯ ಸ್ಥಾನಕ್ಕೆ ಶಿಕ್ಷಕರ ಕೊರತೆ, ಮಕ್ಕಳು ಕೂಲಿಗೆ, ಗುಳೆಗೆ ಹೋಗೋದು, ಕೆಳಗಿನ ತರಗತಿಯಲ್ಲೇ ಓದು ಬರಹ ಕುಂಟಿದ್ದು, ಹೀಗೆ ನೂರು ಕಾರಣ. ಅದನ್ನು ಹದಿನೈದು ವರ್ಷದ ಹುಡುಗನ ಹೆಗಲ ಮೇಲೆ ಹಾಕೋದು ಸರಿಯಲ್ಲ. ಭಯ ಹಾಕಿದರೆ ಓದುತ್ತಾರೆ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ಆತಂಕ ಇದ್ದರೆ ಎಚ್ಚರ ಇರುತ್ತದೆ. ಮಿತಿ ಮೀರಿದರೆ ಆ ಚಿಂತೆಯೇ ತಲೆಯಲ್ಲಿ ಜಾಗ ಹಿಡಿದು ಕೂರುತ್ತದೆ, ಲೆಕ್ಕಕ್ಕೆ ಜಾಗ ಇರಲ್ಲ. ಕ್ಯಾಮೆರಾ ಇರೋದು ನಕಲು ಹಿಡಿಯೋಕೆ. ಅವನ ಉತ್ತರ ಸರಿಯೋ ತಪ್ಪೋ ಅದು ನೋಡಲ್ಲ. ಅಷ್ಟು ಹೇಳಿ.

ಮಧ್ಯಾಹ್ನದ ಓದು ಬಿಡಿ ಅಣ್ಣಾ. ಏಪ್ರಿಲ್, ಮೇ ಬಂತೆಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ 1:30ಕ್ಕೆ ಬದಲಾಯಿಸುತ್ತಾರೆ. ಸಾಹೇಬರಿಗೇ ಆಗದ ಬಿಸಿಲಲ್ಲಿ ಮಗ ತ್ರಿಕೋನಮಿತಿ ಮಾಡಬೇಕಾ? ನಸುಕಿನಲ್ಲಿ ಎಬ್ಬಿಸಿ, ಮಾಳಿಗೆ ಮೇಲೆ ಕೂರಲಿ. ಮಧ್ಯಾಹ್ನ ಅರ್ಧ ಗಂಟೆ ಮಲಗಲಿ. ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಂದು ಸುತ್ತು. ಓದೋದೇ ಬಿಟ್ಟವನಿಗೆ ಟೈಮ್‌ಟೇಬಲ್ ಕೊಡಬೇಡಿ, ಒಂದೇ ಪ್ರಶ್ನೆ ಕೊಡಿ. ಹತ್ತು ನಿಮಿಷ. ಅದು ಬಂದರೆ ಎರಡನೆಯದು ಅವನೇ ಕೇಳುತ್ತಾನೆ. ನೀವು ಪಕ್ಕದಲ್ಲಿ ಕಾವಲು ಕೂರಬೇಡಿ, ಸಂಜೆ "ಇವತ್ತು ಯಾವುದು ತಪ್ಪಾಯಿತು, ತೋರಿಸು" ಅಂತ ಕೇಳಿ. "ಎಷ್ಟು ಗಂಟೆ ಓದಿದೆ" ಅಂತ ಕೇಳಿದರೆ ಗಂಟೆ ತೋರಿಸುತ್ತಾನೆ ಅಷ್ಟೇ.

ಪ್ರಶ್ನೆ (ವಿದ್ಯಾರ್ಥಿ, ಪಿಯು ವಿಜ್ಞಾನ, ಭಾಲ್ಕಿ): ಅಕ್ಕಾ, ಹತ್ತರ ತನಕ ಕನ್ನಡ ಮಾಧ್ಯಮ. ಈಗ ಎಲ್ಲಾ ಇಂಗ್ಲಿಷ್. ಲೆಕ್ಚರರ್ ಹೇಳೋದು ಅರ್ಥ ಆಗುತ್ತೆ, ಬರೆಯೋಕೆ ಹೋದರೆ ವಾಕ್ಯ ಬರಲ್ಲ. ಗೈಡ್ ನೋಡಿ ಬಾಯಿಪಾಠ ಮಾಡುತ್ತಿದ್ದೇನೆ.

ಉತ್ತರ: ತಮ್ಮಾ, ನಿನ್ನ ಹಾಗೆ ನಮ್ಮ ಕಡೆ ಸಾವಿರಾರು ಮಕ್ಕಳಿದ್ದಾರೆ. ಅರ್ಥ ಆಗುತ್ತೆ ಅಂದೆಯಲ್ಲ, ದೊಡ್ಡ ಕೆಲಸ ಆಗಿದೆ. ಮೊದಲು ಪುಸ್ತಕ ಮುಚ್ಚಿ ಕನ್ನಡದಲ್ಲೇ ಜೋರಾಗಿ ಹೇಳು, ತಮ್ಮನಿಗೆ ಪಾಠ ಮಾಡಿದ ಹಾಗೆ. ಎಲ್ಲಿ ನಿಂತೆಯೋ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ನಾಲ್ಕೈದು ಸಣ್ಣ ವಾಕ್ಯ ಮಾಡಿ ಬರೆ. ವಿಜ್ಞಾನದ ಉತ್ತರಕ್ಕೆ ಉದ್ದ ವಾಕ್ಯ ಬೇಕಾಗಿಲ್ಲ. ಚಿತ್ರ, ಸೂತ್ರ, ಏಕಮಾನ ಸರಿಯಿದ್ದರೆ ಅಂಕ ಸಿಗುತ್ತವೆ. ಇನ್ನೊಂದು ಉಪಾಯ ಇದೆ. ಹತ್ತನೆಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿಯದ್ದು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅದೇ ಪಾಠ, ಅದೇ ಚಿತ್ರ. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬೆಳಕು, ವಿದ್ಯುಚ್ಛಕ್ತಿ ಪಾಠ ಓದು. ಗೊತ್ತಿರುವ ಪಾಠವನ್ನೇ ಇಂಗ್ಲಿಷ್‌ನಲ್ಲಿ ನೋಡಿದಾಗ ವಾಕ್ಯ ಕಟ್ಟುವ ರೀತಿ ಬೇಗ ಹತ್ತುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಪ್ರಾಯೋಗಿಕಕ್ಕೇ 30 ಅಂಕ ಇದೆ, ಲ್ಯಾಬ್ ತಪ್ಪಿಸಬೇಡ.

ಪ್ರಶ್ನೆ (ಹೆಸರು ಬೇಡ, ಚಿತ್ತಾಪುರ ತಾಲ್ಲೂಕು): ತಮ್ಮ "ಫೇಲಾದರೆ ನನ್ನ ಮುಖ ನೀವು ನೋಡಲ್ಲ" ಅಂದ. ಎರಡು ಸಲ ಅಂದ. ಸರಿಯಾಗಿ ಊಟ ಮಾಡುತ್ತಿಲ್ಲ. ಮನೆಯಲ್ಲಿ ಹೇಳಿದರೆ ಬೈಯುತ್ತಾರೆ ಅಂತ ಹೇಳಿಲ್ಲ.

ಉತ್ತರ: ತಂಗಿ, ಇವತ್ತೇ ಮನೆಯಲ್ಲಿ ಹೇಳು. ದೊಡ್ಡವರಲ್ಲಿ ಯಾರು ಬೈಯದೆ ಕೇಳುತ್ತಾರೋ ಅವರಿಗೆ ಮೊದಲು. ಅಜ್ಜಿ ಇರಬಹುದು, ಮಾವ ಇರಬಹುದು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಸಾಯಬೇಕು ಅನಿಸುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ಹುಟ್ಟುತ್ತದೆ ಅನ್ನೋದು ತಪ್ಪು ನಂಬಿಕೆ. ಕೇಳಿದರೆ ಭಾರ ಇಳಿಯುತ್ತದೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ. ಅಟ್ಟದ ಮೇಲೆ ಇಟ್ಟರೆ ಸಾಲದು.

ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನೀನೂ ಮಾಡಬಹುದು, ಅವನೇ ಮಾಡಬೇಕು ಅಂತಿಲ್ಲ. ಹದಿನೆಂಟರ ಒಳಗಿನವರಿಗೆ 1098 ಕೂಡ ಇದೆ. ಈಗಲೇ ಅಪಾಯ ಅನಿಸಿದರೆ 112. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.

ಅವನು ಸ್ವಲ್ಪ ಸಮಾಧಾನ ಆದ ಮೇಲೆ ಒಂದು ವಿಷಯ ಹೇಳಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಪರೀಕ್ಷೆ. ಒಂದರಲ್ಲಿ ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು. ಜಾಸ್ತಿ ಬಂದ ಅಂಕ ಇಟ್ಟುಕೊಳ್ಳಬಹುದು. ಇದನ್ನು ಮೊದಲೇ ಬುದ್ಧಿವಾದದ ಹಾಗೆ ಹೇಳಬೇಡಿ. ಮೊದಲು ಅವನ ಮಾತು ಕೇಳಿ. ನನಗೆ ಇನ್‌ಬಾಕ್ಸ್‌ನಲ್ಲಿ ನಂಬರ್ ಕಳಿಸು, ಸಂಜೆ ಫೋನ್ ಮಾಡುತ್ತೇನೆ.

ಪ್ರಶ್ನೆ (ವಿದ್ಯಾರ್ಥಿನಿ, ಹುಮನಾಬಾದ್): ಮೇಡಂ, ಹಿಂದಿನ ರಾತ್ರಿ ಪೂರ್ತಿ ಎದ್ದು ಓದಲಾ? ಗೆಳತಿಯರೆಲ್ಲ ಹಾಗೇ ಮಾಡುತ್ತಾರೆ. ಬೆಳಿಗ್ಗೆ ಏನು ತಿನ್ನಬೇಕು? ವಾಂತಿ ಬಂದ ಹಾಗೆ ಆಗುತ್ತೆ.

ಉತ್ತರ: ಬೇಡ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ನಿದ್ದೆಗೆಟ್ಟು ಹೋದರೆ ಓದಿದ್ದೂ ಕೈಕೊಡುತ್ತದೆ. ಸಂಜೆ ನಿನ್ನ ಕೆಂಪು ಪೆನ್ನಿನ ತಪ್ಪುಗಳನ್ನು ಮಾತ್ರ ನೋಡು, ಹೊಸ ಪಾಠ ಮುಟ್ಟಬೇಡ. ಹಾಲ್ ಟಿಕೆಟ್, ಎರಡು ಪೆನ್ನು, ನೀರಿನ ಬಾಟಲಿ ರಾತ್ರಿಯೇ ಚೀಲಕ್ಕೆ ಹಾಕು. ಮನಸ್ಸು ಹಾರಾಡುತ್ತಿದ್ದರೆ ಹತ್ತು ನಿಮಿಷ ಹಾಳೆಯ ಮೇಲೆ ಏನು ಭಯವೋ ಅದನ್ನೆಲ್ಲ ಬರೆ, ಬರೆದು ಹರಿದು ಹಾಕು. ಪರೀಕ್ಷೆಗೆ ಸ್ವಲ್ಪ ಮುಂಚೆ ಹೀಗೆ ಬರೆದವರ ಅಂಕ ಸುಧಾರಿಸಿದ್ದನ್ನು 2011ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ್ದಾರೆ. ಬೆಳಿಗ್ಗೆ ದಿನಾ ತಿನ್ನೋದನ್ನೇ ಸ್ವಲ್ಪ ತಿನ್ನು. ಸುಸಲಾ ಆದರೂ ಸರಿ, ಮೊಸರು ರೊಟ್ಟಿ ಆದರೂ ಸರಿ, ಮಿರ್ಚಿ ಮಾತ್ರ ಬೇಡ. ಖಾಲಿ ಹೊಟ್ಟೆಗೆ ಚಹಾ ಕುಡಿದರೆ ಹೊಟ್ಟೆ ತೊಳಸೋದು ಜಾಸ್ತಿ ಆಗಬಹುದು. ಮಜ್ಜಿಗೆ ಕುಡಿ. ಗೇಟಿನ ಹತ್ತಿರ "ಇದು ಓದಿದ್ಯಾ, ಅದು ಓದಿದ್ಯಾ" ಅನ್ನೋ ಗುಂಪಿನಿಂದ ದೂರ ನಿಲ್ಲು. ಪೇಪರ್ ಮುಗಿದ ಮೇಲೂ ಉತ್ತರ ತಾಳೆ ನೋಡೋಕೆ ನಿಲ್ಲಬೇಡ, ಸೀದಾ ಮನೆಗೆ ಹೋಗಿ ಊಟ ಮಾಡಿ ಮಲಗು. ಮುಂದಿನ ಪೇಪರ್‌ದು ಸಂಜೆ ನೋಡಿದರಾಯಿತು.