‘ಒರಿಜಿನಲ್ ಸಾಂಗ್ಸ್’ ಎಂದರೆ ಮೂಲ ಗೀತೆಗಳೇ?

ಪ್ರಶ್ನೆ: ಪಿಯಾನೊ ಮುಖ್ಯವಾಗಿರುವ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ), ಬೂಗಿ-ವೂಗಿ (ಎಡಗೈ ಒಂದೇ ವಿನ್ಯಾಸವನ್ನು ಬಿಡದೆ ಬಡಿಯುವ ಬ್ಲೂಸ್ ಪಿಯಾನೊ ಶೈಲಿ) ತಂಡವೊಂದರ ಆಲ್ಬಮ್ಮನ್ನು ಕನ್ನಡದಲ್ಲಿ ಪರಿಚಯಿಸಬೇಕಿದೆ. ಹಾಡುಗಳೆಲ್ಲ ‘ಒರಿಜಿನಲ್ಸ್’, ಅಂದರೆ ತಂಡದವರೇ ಕಟ್ಟಿದವು. ‘ಮೂಲ ಗೀತೆಗಳು’ ಎನ್ನಬಹುದೇ, ‘ಮೌಲಿಕ’ ಎನ್ನಬಹುದೇ? ‘ಪಿಯಾನೊ ಮೂರು ಕೋರಸ್ ನುಡಿಸುತ್ತದೆ’ ಎನ್ನುವಲ್ಲಿ ಕೋರಸ್‌ಗೆ ‘ಪಲ್ಲವಿ’ ಹಾಕಿದರೆ ಸರಿಯೇ?

ಉತ್ತರ: ‘ಮೂಲ ಗೀತೆ’ ಖಂಡಿತ ಬೇಡ, ಅರ್ಥ ತಿರುಗುಮುರುಗಾಗುತ್ತದೆ. ‘ಮೂಲ’ ಅಂದೊಡನೆ ‘ಯಾವುದರ ಮೂಲ?’ ಎಂಬ ಪ್ರಶ್ನೆ ಏಳುತ್ತದೆ. ಪಿಯಾನೊ ವಾದಕ ಪೈನ್‌ಟಾಪ್ ಸ್ಮಿತ್ 1928ರ ಡಿಸೆಂಬರಿನಲ್ಲಿ ಶಿಕಾಗೊದಲ್ಲಿ ಧ್ವನಿಮುದ್ರಿಸಿದ ಬೂಗಿ-ವೂಗಿಯನ್ನು ಟಾಮಿ ಡಾರ್ಸಿಯ ವಾದ್ಯವೃಂದ 1938ರಲ್ಲಿ ನುಡಿಸಿತು. ಅಲ್ಲಿ ಸ್ಮಿತ್‌ರದು ಮೂಲ. ‘ತಂಡ ಮೂಲ ಗೀತೆಗಳನ್ನು ಹಾಡಿದೆ’ ಎಂದು ಬರೆದರೆ, ಹಳೆಯ ಹಾಡುಗಳನ್ನೇ ಇದ್ದ ಹಾಗೆ ಹಾಡಿದೆ ಎಂದು ಓದುಗರು ತಿಳಿಯುತ್ತಾರೆ.

‘ಮೌಲಿಕ’ ಹಿಂದಿಯಲ್ಲಿ ಸ್ವಂತದ್ದು, ಕನ್ನಡದಲ್ಲಿ ಬೆಲೆಯುಳ್ಳದ್ದು. ಮಾಹಿತಿ ಹೇಳಹೊರಟು ಹೊಗಳಿಕೆಯಾಗಿಬಿಡುತ್ತದೆ. ‘ಸ್ವರಚಿತ’ ಶುದ್ಧ ಪದವೇ, ಆದರೆ ಸಂಗೀತದ ಬರಹದಲ್ಲಿ ಕಣ್ಣು ‘ಸ್ವರ’ದಲ್ಲೇ ಎಡವುತ್ತದೆ. ‘ತಂಡದ ಸ್ವಂತ ರಚನೆಗಳು’ ಅನ್ನಿ. ಬ್ಲೂಸ್‌ನ ಚೌಕಟ್ಟು ಎಲ್ಲರ ಸೊತ್ತು. ತಂಡದ್ದೆಂದರೆ ಸಾಹಿತ್ಯ, ಧಾಟಿ, ಆ ಚೌಕಟ್ಟಿನೊಳಗೆ ಪಿಯಾನೊಗೆ ಕಟ್ಟಿಕೊಟ್ಟ ನುಡಿಗಳು. ಹಳೆಯ ರಾಗದಲ್ಲಿ ಹೊಸ ಕೃತಿ ಮಾಡಿದ ಹಾಗೆ. ‘ರಚನೆ’ ಎಂಬ ಪದ ಅಷ್ಟನ್ನೂ ಹೇಳುತ್ತದೆ.

ಕೋರಸ್ ವಿಷಯ ಇನ್ನೂ ಸೂಕ್ಷ್ಮ. ಪಾಪ್ ಹಾಡಿನಲ್ಲಿ ಅದು ಮತ್ತೆ ಮತ್ತೆ ಬರುವ ಸಾಲು, ಅಲ್ಲಿ ‘ಪಲ್ಲವಿ’ ನಡೆಯುತ್ತದೆ. ಬ್ಲೂಸ್ ವಾದಕರ ಬಾಯಲ್ಲಿ ಕೋರಸ್ ಎಂದರೆ ಹನ್ನೆರಡು ಬಾರ್‌ಗಳ (ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಘಟಕ) ಒಂದು ಪೂರ್ತಿ ಸುತ್ತು. ಸಿ ಶ್ರುತಿಯಲ್ಲಾದರೆ ಸಾಮಾನ್ಯವಾಗಿ ನಾಲ್ಕು ಬಾರ್ ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಎರಡು ಎಫ್, ಎರಡು ಸಿ, ಒಂದು ಜಿ, ಒಂದು ಎಫ್, ಕೊನೆಗೆ ಎರಡು ಸಿ. ಬಾರ್‌ಗೆ ನಾಲ್ಕರಂತೆ 48 ಎಣಿಕೆ. ಬೂಗಿಯ ಎಡಗೈ ಬಾರ್‌ಗೆ ಎಂಟು ಸಲ ಬಡಿಯುವುದರಿಂದ ಸುತ್ತಿಗೆ 96 ಬಡಿತ. ಹಾಡುವಾಗ ಮೊದಲ ಸಾಲು ಎರಡು ಸಲ, ಮೂರನೆಯದು ಅದಕ್ಕೆ ಉತ್ತರ. ಸಾಲಿಗೆ ನಾಲ್ಕು ಬಾರ್. ದನಿ ಮುಂಚೆಯೇ ನಿಂತು ಉಳಿದ ಜಾಗವನ್ನು ಪಿಯಾನೊ ತುಂಬುತ್ತದೆ. ಇದನ್ನು ‘ಪಲ್ಲವಿ’ ಎಂದರೆ ಓದುಗರು ಇಲ್ಲದ ಸಾಲನ್ನು ಹುಡುಕಬೇಕು. ‘ಪಿಯಾನೊ ಮೂರು ಸುತ್ತು ನುಡಿಯುತ್ತದೆ’ ಎಂದು ಬರೆಯಿರಿ.

ಕೋರಸ್‌ಗೆ ‘ಆವರ್ತನ’ವನ್ನೂ ನಾನು ಒಪ್ಪುವುದಿಲ್ಲ. ಆದಿತಾಳ ಹಾಕಿ ಕೇಳುವವರಿಗೆ ಎರಡು ಬಾರ್‌ಗೆ ಒಂದು ಆವರ್ತನ. ಮೂರು ಸುತ್ತು ಅವರ ಲೆಕ್ಕದಲ್ಲಿ ಹದಿನೆಂಟಾಗುತ್ತದೆ.

ಇನ್ನೊಂದು ಉತ್ತರ: ‘ಸುತ್ತು’ ಒಪ್ಪಿಗೆ. ಪರಿಚಯದಲ್ಲಿ ‘ವಾಕಿಂಗ್ ಬಾಸ್’ (ಹೆಜ್ಜೆ ಹಾಕಿದಂತೆ ಸಾಗುವ ತಗ್ಗು ಸ್ವರಗಳ ಸಾಲು) ಬಂದರೆ ಹಾಗೇ ಉಳಿಸಿ, ‘ನಡೆ’ ಮಾಡಬೇಡಿ. ಆ ಪದ ಶಫಲ್‌ಗೆ ಬೇಕಾಗುತ್ತದೆ: ಎಣಿಕೆಯನ್ನು ಮೂರು ಪಾಲು ಮಾಡಿ ಮೊದಲೆರಡನ್ನು ಕೂಡಿಸಿದರೆ ಬರುವ ಉದ್ದ-ಗಿಡ್ಡ ಬಡಿತ ನಮ್ಮ ತಿಶ್ರ ನಡೆಗೆ ಬಲು ಹತ್ತಿರ. ಎಡಗೈ ಎಂಟನ್ನೂ ಸಮವಾಗಿ ನುಡಿಸಿರುವ ಹಾಡಿಗೆ ಮಾತ್ರ ತಿಶ್ರ ಎನ್ನುವಂತಿಲ್ಲ. ಕೇಳಿ ನೋಡಿಯೇ ಬರೆಯಬೇಕು.